ಪ್ರೋತ್ಸಾಹವೋ, ಆಮಿಷವೋ? ಒಂದು ಕ್ರಿಯಾಪದದ ಪರವಾಗಿ ನಮ್ಮ ತಕರಾರು

ಸ್ಮರಣ ಸಂಚಿಕೆಗೆ ಬರೆಯುವವರು ಸಾಮಾನ್ಯವಾಗಿ ನಾಡಿನ ಹಿರಿಮೆಯನ್ನೋ ಊರಿನ ಇತಿಹಾಸವನ್ನೋ ಆರಿಸಿಕೊಳ್ಳುತ್ತಾರೆ. ನಾವು ಈ ಸಲ ಒಂದು ಕ್ರಿಯಾಪದವನ್ನು ಆರಿಸಿಕೊಂಡಿದ್ದೇವೆ. ಅದು ‘ಪ್ರೋತ್ಸಾಹಿಸು’. ಸರ್ಕಾರಿ ಆದೇಶದಲ್ಲಿ, ವೃತ್ತಪತ್ರಿಕೆಯಲ್ಲಿ, ಭಾಷಣದಲ್ಲಿ, ನಮ್ಮದೇ ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಈ ಪದ ದಿನಬೆಳಗಾದರೆ ಕಾಣುತ್ತದೆ. ಆದರೆ ಇಂದು ಅದರಿಂದ ಮಾಡಿಸಿಕೊಳ್ಳುತ್ತಿರುವ ಕೆಲಸ ಅದರ ಹುಟ್ಟುಗುಣಕ್ಕೆ ಒಪ್ಪುವುದಲ್ಲ. ಹಣ ಕೊಟ್ಟು ಮಾಡಿಸುವುದಕ್ಕೆ, ಕೊಡಬೇಕಾದ ಕೂಲಿಯನ್ನು ಕೊಡದಿರುವುದಕ್ಕೆ, ಆಸೆ ತೋರಿಸಿ ಸೆಳೆಯುವುದಕ್ಕೆ, ಮೂರಕ್ಕೂ ಇದೊಂದೇ ಪದ ಹೊದಿಕೆಯಾಗಿದೆ. ಈ ಹೊದಿಕೆಯನ್ನು ತೆಗೆಯಬೇಕೆಂಬುದೇ ನಮ್ಮ ವಾದ.

ಇದು ಬರಿಯ ನಿಘಂಟಿನ ಜಗಳವೆಂದು ಓದುಗರು ಪುಟ ತಿರುವಬಾರದೆಂದು, ನಮಗೆ ಈ ತಕರಾರು ಹುಟ್ಟಿದ ಸಂದರ್ಭವನ್ನು ಮೊದಲು ಹೇಳುತ್ತೇವೆ. ಸಂಘದ ಒಂದು ಸಮಾರಂಭ. ‘ಕನ್ನಡ ಕಲಿಯುವ ಗಡಿನಾಡ ಮಕ್ಕಳಿಗೆ ಪ್ರೋತ್ಸಾಹಧನ ವಿತರಣೆ’ ಎಂದು ನಾವೇ ಅಚ್ಚು ಹಾಕಿಸಿದ್ದೆವು. ಮಕ್ಕಳು ಸಾಲಾಗಿ ಬಂದರು, ಲಕೋಟೆ ಪಡೆದರು, ಛಾಯಾಚಿತ್ರವೂ ಆಯಿತು. ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಏಳನೆಯ ತರಗತಿಯ ಒಬ್ಬ ಹುಡುಗ ಹತ್ತಿರ ಬಂದು ಕೇಳಿದ: “ಸರ್, ಬರೂ ವರ್ಸ ಈ ರೊಕ್ಕ ಇರಲಿಲ್ಲಂದ್ರ ನಾವ್ ಕನ್ನಡ ಓದೂದು ಬ್ಯಾಡೇನ್ರಿ?” ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ, ಕುಚೋದ್ಯವೂ ಇರಲಿಲ್ಲ. ನಾವು ಆಡಿದ ಮಾತನ್ನು ಅವನು ನಾವು ಆಡಿದಂತೆಯೇ ಅರ್ಥ ಮಾಡಿಕೊಂಡಿದ್ದ. ಕನ್ನಡ ಓದಿದ್ದಕ್ಕೆ ರೊಕ್ಕ. ರೊಕ್ಕ ನಿಂತರೆ ಓದೂ ನಿಂತಂತೆ. ಆ ಮಗುವಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ತಡವಾಗಿ ಕೊಡುತ್ತಿರುವ ಉತ್ತರ.

ಪದದ ಒಳಗಿರುವುದು

‘ಪ್ರೋತ್ಸಾಹ’ ಸಂಸ್ಕೃತದಿಂದ ಬಂದ ಪದ. ‘ಪ್ರ’ ಮತ್ತು ‘ಉತ್’ ಎಂಬ ಎರಡು ಉಪಸರ್ಗಗಳು, ‘ಸಹ್’ ಎಂಬ ಧಾತು. ಸಹ್ ಎಂದರೆ ತಾಳು, ಹೊರು, ಶಕ್ತನಾಗು. ಸಹನೆ, ಸಾಹಸ ಎಂಬ ನಮ್ಮ ನಿತ್ಯದ ಮಾತುಗಳಿಗೆ ಬೇರು ಅಲ್ಲಿಯೇ. ಆ ತಾಳಿಕೆ ಮೇಲಕ್ಕೆದ್ದರೆ ಉತ್ಸಾಹ. ಆ ಉತ್ಸಾಹವನ್ನು ಮತ್ತೊಬ್ಬರು ಮುಂದಕ್ಕೆ ತಂದರೆ ಪ್ರೋತ್ಸಾಹ. ಭರತನ ನಾಟ್ಯಶಾಸ್ತ್ರದಲ್ಲಿ ಉತ್ಸಾಹವು ವೀರರಸದ ಸ್ಥಾಯೀಭಾವ. ವೀರನ ಎದೆಯಲ್ಲಿ ಮೊದಲೇ ನೆಲೆಯಾಗಿರುವುದು ಎಂದು ಇದರ ತಾತ್ಪರ್ಯ. ಹೊರಗಿನಿಂದ ತಂದು ತುಂಬುವ ಸರಕನ್ನು ಯಾರೂ ಸ್ಥಾಯೀಭಾವವೆಂದು ಕರೆಯುವುದಿಲ್ಲ.

ಕನ್ನಡ ವ್ಯಾಕರಣವೂ ಇಲ್ಲಿ ಒಂದು ಸೂಕ್ಷ್ಮವನ್ನು ತೋರಿಸುತ್ತದೆ. ನಮ್ಮ ‘ಇಸು’ ಪ್ರತ್ಯಯಕ್ಕೆ ಎರಡು ಕೆಲಸ. ‘ಮಾಡು’ ಎಂಬುದನ್ನು ‘ಮಾಡಿಸು’ ಎಂದಾಗ ಅದು ಪ್ರೇರಣಾರ್ಥಕ. ಕೆಲಸ ಮತ್ತೊಬ್ಬರದು, ಇಚ್ಛೆ ನಮ್ಮದು. ಸಂಸ್ಕೃತ ನಾಮಪದಕ್ಕೆ ಹಚ್ಚಿ ‘ಪ್ರೋತ್ಸಾಹಿಸು’, ‘ಗೌರವಿಸು’ ಎಂದಾಗ ಅದು ನಾಮಪದವನ್ನು ಕ್ರಿಯಾಪದವಾಗಿಸುತ್ತದೆ, ಅಷ್ಟೆ. ಗೌರವಿಸುವವನು ಎದುರಿನವರಿಂದ ಏನನ್ನೂ ಮಾಡಿಸುತ್ತಿಲ್ಲ. ಪ್ರೋತ್ಸಾಹಿಸುವವನೂ ಹಾಗೆಯೇ. ಇಂದಿನ ಬಳಕೆಯಲ್ಲಿ ‘ಪ್ರೋತ್ಸಾಹಿಸು’ ಎಂಬುದು ‘ಮಾಡಿಸು’ ಎಂಬುದರ ಗೌರವಾನ್ವಿತ ವೇಷವಾಗಿರುವುದನ್ನು ನೋಡಿದರೆ, ಒಂದು ‘ಇಸು’ ಇನ್ನೊಂದು ‘ಇಸು’ವಿನ ಜಾಗಕ್ಕೆ ಸದ್ದಿಲ್ಲದೆ ಬಂದು ಕುಳಿತಂತಿದೆ.

ಅಚ್ಚಗನ್ನಡದಲ್ಲಿ ಇದಕ್ಕೆ ‘ಹುರಿದುಂಬಿಸು’ ಎಂಬ ಮಾತಿದೆ. ಹುರಿಯನ್ನು ತುಂಬಿಸುವುದು. ಹುರಿ ಎಂದರೆ ಹಗ್ಗದ ಎಳೆಗಳನ್ನು ಹೊಸೆದಾಗ ಬರುವ ಬಿಗಿ, ಆ ಬಿಗಿಯಿಂದ ಬರುವ ಬಲ. ಎಳೆ ಹಗ್ಗದ್ದೇ, ಹೊಸೆಯುವ ಕೈ ಮಾತ್ರ ಇನ್ನೊಬ್ಬರದು. ನಮ್ಮ ಹಳ್ಳಿಗಳಲ್ಲಿ ‘ಹುರುಪು ತುಂಬು’, ‘ಬೆನ್ನು ತಟ್ಟು’, ‘ಧೈರ್ಯ ಹೇಳು’ ಎನ್ನುತ್ತಾರೆ. ಇವುಗಳಲ್ಲಿ ಯಾವುದರಲ್ಲಿಯೂ ಹಣದ ಮಾತಿಲ್ಲ.

ಹಣದ ಮಾತು ಬಂದಾಗ ನಮ್ಮ ಹಿರಿಯರು ಬೇರೆ ಪದಗಳನ್ನೇ ಬಳಸಿದರು. ‘ಆಮಿಷ’ ಎಂದರೆ ಮೂಲದಲ್ಲಿ ಮಾಂಸ. ಬೇಟೆಗೆ, ಗಾಳಕ್ಕೆ ಇಡುವ ತುಂಡು. ಅದಕ್ಕೆ ಜೊತೆಯಾಗುವ ಕ್ರಿಯಾಪದವೂ ‘ಒಡ್ಡು’. ಬಲೆಯನ್ನು ಒಡ್ಡುವಂತೆ ಆಮಿಷವನ್ನೂ ಒಡ್ಡುತ್ತೇವೆ. ‘ಬಹುಮಾನ’ ಎಂದರೆ ಅಕ್ಷರಶಃ ಬಹಳ ಮಾನ, ದೊಡ್ಡ ಗೌರವ. ನಾಣ್ಯ, ಬಟ್ಟಲು, ಶಾಲು ಆ ಗೌರವಕ್ಕೆ ಗುರುತಾಗಿ ಬಂದವು. ಆಮಿಷ ಕೆಲಸಕ್ಕೆ ಮುಂಚೆ ಬರುತ್ತದೆ, ಬಹುಮಾನ ಕೆಲಸವಾದ ಮೇಲೆ. ನಡುವೆ ನಿಲ್ಲುವುದು ಪ್ರೋತ್ಸಾಹ.

ಈ ಮೂರನ್ನೂ ಒಟ್ಟಿಗೆ ನೋಡಬೇಕಾದರೆ ನಮ್ಮ ಕಡೆಯ ಜಾತ್ರೆಯ ಕುಸ್ತಿ ಕಣಕ್ಕೆ ಹೋಗಬೇಕು. ಪೈಲವಾನರಿಬ್ಬರು ಮಣ್ಣು ಹಚ್ಚಿಕೊಂಡು ಕೈ ಕೂಡಿಸುತ್ತಾರೆ. ಹಲಗಿ ಬಡಿಯುವವರು ಗತ್ತು ಏರಿಸುತ್ತಾರೆ, ಸುತ್ತ ನಿಂತವರು ಕೂಗುತ್ತಾರೆ. ಸೋಲುತ್ತಿದ್ದವನ ಮೊಣಕಾಲಿಗೆ ಅದೆಲ್ಲಿಂದಲೋ ಬಲ ಬರುತ್ತದೆ. ಅದು ಪ್ರೋತ್ಸಾಹ. ಗೆದ್ದವನ ಕೈಗೆ ಊರ ಹಿರಿಯರು ಬೆಳ್ಳಿ ಕಡೆ ತೊಡಿಸುತ್ತಾರೆ. ಅದು ಬಹುಮಾನ. ಹಿಂದಿನ ರಾತ್ರಿ ಯಾರೋ ಒಬ್ಬ ಪೈಲವಾನನ ಬಿಡಾರಕ್ಕೆ ಹೋಗಿ, ಬಿದ್ದುಬಿಡು, ಇಷ್ಟು ಕೊಡುತ್ತೇನೆ ಎಂದಿದ್ದರೆ ಅದು ಆಮಿಷ. ಓದುಬರಹ ಬಾರದ ಪ್ರೇಕ್ಷಕನಿಗೂ ಈ ಮೂರರ ಭೇದ ಗೊತ್ತು. ಗೊತ್ತಿಲ್ಲದಂತಾಗಿರುವುದು ಕಚೇರಿಯ ಕನ್ನಡಕ್ಕೆ, ಅದನ್ನು ನಕಲು ಮಾಡಿದ ನಮ್ಮ ವೇದಿಕೆಗಳಿಗೆ.

ಪದ ಕೆಟ್ಟ ದಾರಿ

ಈ ಗೊಂದಲ ಬಂದ ದಾರಿ ಅನುವಾದದ್ದು. ಇಂಗ್ಲಿಷಿನ ‘ಇನ್ಸೆಂಟಿವ್’ ಎಂಬ ಪದಕ್ಕೆ ನಾವು ‘ಪ್ರೋತ್ಸಾಹಧನ’ ಎಂದೆವು. ‘ಇನ್ಸೆಂಟಿವೈಸ್’ ಎಂಬ ಕ್ರಿಯಾಪದ ಕಳೆದ ಶತಮಾನದ ಉತ್ತರಾರ್ಧದಲ್ಲಿ ಆಡಳಿತ ಮತ್ತು ವ್ಯಾಪಾರದ ಭಾಷೆಯಲ್ಲಿ ಹರಡಿದಾಗ, ಅದನ್ನೂ ‘ಪ್ರೋತ್ಸಾಹಿಸು’ ಎಂದೇ ತಂದುಕೊಂಡೆವು. ವಿನೋದವೆಂದರೆ ಇಂಗ್ಲಿಷ್ ಪದದ ಹುಟ್ಟಿನಲ್ಲಿಯೂ ಹಣವಿಲ್ಲ. ಅದರ ಲ್ಯಾಟಿನ್ ಮೂಲಕ್ಕೆ ಹಾಡಿನ ಸಂಬಂಧವಿದೆ. ಮೇಳಕ್ಕೆ ಶ್ರುತಿ ಹಿಡಿದುಕೊಡುವುದು, ರಾಗ ಎತ್ತಿಕೊಡುವುದು ಎಂಬ ಅರ್ಥ. ನಮ್ಮ ಕಣದ ಹಲಗಿ ಮಾಡುವ ಕೆಲಸವೇ ಅದು! ಹಾಡು ಅಲ್ಲಿಯೇ ಹಣವಾಯಿತು. ಆ ಹಣಕ್ಕೆ ನಾವು ನಮ್ಮ ಉತ್ಸಾಹವನ್ನು ಧಾರೆಯೆರೆದೆವು.

ನಮ್ಮ ಸೀಮೆಯ ಪದಗಳು ಹಿಂದೆಯೂ ಇಂಥ ಪಲ್ಲಟಗಳನ್ನು ಕಂಡಿವೆ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾಗುವವರೆಗೆ ನಾರಾಯಣಖೇಡ, ಜಹೀರಾಬಾದ ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದ ಒಳಗೆ. ಆ ಕಾಲದಲ್ಲಿ ‘ನಜರಾನಾ’ ಎಂದರೆ ಪ್ರಜೆ ದೊರೆಗೆ ಒಪ್ಪಿಸುವ ಕಾಣಿಕೆ. ಇಂದು ನಮ್ಮ ಮನೆಗೆ ಬರುವ ತೆಲುಗು ಪತ್ರಿಕೆಯಲ್ಲಿ ಪದಕ ಗೆದ್ದ ಕ್ರೀಡಾಪಟುವಿಗೆ ಸರ್ಕಾರ ಕೊಡುವ ಹಣವೂ ‘ನಜರಾನಾ’. ಕಾಣಿಕೆ ಹರಿಯುವ ದಿಕ್ಕೇ ತಿರುಗಿದೆ. ‘ಇನಾಮು’ ಎಂಬುದು ಸೇವೆಗಾಗಿ ಬಿಟ್ಟುಕೊಟ್ಟ ಭೂಮಿಯಾಗಿತ್ತು. 1955ರಲ್ಲಿ ಹೈದರಾಬಾದ್ ಇನಾಮು ರದ್ದತಿ ಕಾನೂನು ಬಂದು, ಈಗ ಓಟದ ಸ್ಪರ್ಧೆಯ ತಟ್ಟೆ ಲೋಟಕ್ಕೆ ಆ ಹೆಸರು ಉಳಿದಿದೆ.

ಪದಗಳ ಅರ್ಥ ಬದಲಾಗುವುದು ಸಹಜ, ಬಳಕೆಯೇ ಪ್ರಮಾಣ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ನಾವೂ ಒಪ್ಪುತ್ತೇವೆ. ನಜರಾನಾ, ಇನಾಮು ಬದಲಾದುದಕ್ಕೆ ನಾವು ಕಣ್ಣೀರು ಹಾಕುವುದಿಲ್ಲ. ಆದರೆ ಅರ್ಥ ಬದಲಾದಾಗ ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳುವ ಹಕ್ಕು ಭಾಷೆಯನ್ನಾಡುವ ಎಲ್ಲರಿಗೂ ಇದೆ. ‘ಪ್ರೋತ್ಸಾಹ’ದ ಅರ್ಥ ಬದಲಾದುದರಿಂದ ಲಾಭವಾಗಿರುವುದು ಕೊಡುವವನಿಗೆ.

ಆಶಾ ಕಾರ್ಯಕರ್ತೆಯರನ್ನು ನೋಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಹಳ್ಳಿಹಳ್ಳಿಗೆ ಈ ಹೆಣ್ಣುಮಕ್ಕಳು ಬಂದರು. ಬಸುರಿಯರ ಪಟ್ಟಿ ಮಾಡುವುದು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ಕ್ಷಯರೋಗಿಗೆ ಮಾತ್ರೆ ನುಂಗಿಸುವುದು, ಮಹಾಮಾರಿಯ ಕಾಲದಲ್ಲಿ ಮನೆಮನೆ ತಿರುಗುವುದು, ಎಲ್ಲವೂ ಅವರ ಪಾಲಿಗೆ ಬಂದಿತು. ಆದರೆ ಯೋಜನೆಯ ಭಾಷೆಯಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ಕೆಲಸ ಕೆಲಸಕ್ಕೆ ಎಣಿಸಿ ಕೊಡುವ ‘ಪ್ರೋತ್ಸಾಹಧನ’. 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಹಗಲುರಾತ್ರಿ ಕುಳಿತದ್ದು ಉತ್ಸಾಹ ಕಡಿಮೆಯಾಗಿ ಅಲ್ಲ. ತಿಂಗಳಿಗೆ ನಿಗದಿಯಾದ 15,000 ರೂಪಾಯಿ ಕೊಡಿ ಎಂದು ಕೇಳಿದರು. ಕೇಳಿದ್ದು ಕೂಲಿ. ಕೂಲಿಗೆ ‘ಪ್ರೋತ್ಸಾಹ’ ಎಂದು ಹೆಸರಿಟ್ಟ ಕೂಡಲೇ ಅದು ಹಕ್ಕಾಗಿ ಉಳಿಯದೆ ಕೃಪೆಯಾಗುತ್ತದೆ. ಹಕ್ಕನ್ನು ಕೇಳುವವರಿಗೆ ಗೌರವವಿದೆ. ಕೃಪೆಯನ್ನು ಹೆಚ್ಚಿಗೆ ಕೇಳಿದವರು ಆಸೆಬುರುಕರೆನಿಸಿಕೊಳ್ಳುತ್ತಾರೆ. ಅಂಗನವಾಡಿಯ ತಾಯಂದಿರ ‘ಗೌರವಧನ’ದ ಕಥೆಯೂ ಇದೇ. ಶಾಲೆಯ ತುಂಬ ಪಾಠ ಮಾಡುವವರನ್ನು ಕರ್ನಾಟಕದಲ್ಲಿ ‘ಅತಿಥಿ’ ಎಂದೂ ನಮ್ಮ ತೆಲಂಗಾಣದಲ್ಲಿ ‘ವಿದ್ಯಾ ವಾಲಂಟೀರ್’ ಎಂದೂ ಕರೆದದ್ದರ ಹಿಂದೆಯೂ ಇದೇ ಜಾಣತನವಿದೆ. ಪದ ಎಷ್ಟು ಮಧುರವೋ ಪಗಾರ ಅಷ್ಟು ಕಡಿಮೆ.

ಮೂರು ಕಿಲೋ ಅಕ್ಕಿ ಮತ್ತು ದಾಸೋಹ

ಹೆಸರಿನಿಂದ ಏನಾಗುತ್ತದೆ, ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಅವರಿಗಾಗಿ ಎಲ್ಲರ ಕಣ್ಣಮುಂದೆ ನಡೆದ ಒಂದು ಸಂಗತಿಯನ್ನು ನೆನಪಿಸುತ್ತೇವೆ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಹಾರ ಕೊಡುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಬಹುಪಾಲು ರಾಜ್ಯಗಳಲ್ಲಿ ಅದು ಬಿಸಿಯೂಟವಾಗಿ ಬರಲಿಲ್ಲ. ತಿಂಗಳಿಗೆ ಮೂರು ಕಿಲೋ ಧಾನ್ಯವಾಗಿ ಬಂದಿತು. ಅದಕ್ಕೊಂದು ಕರಾರು: ಹಾಜರಾತಿ ನೂರಕ್ಕೆ ಎಂಬತ್ತು ಇರಬೇಕು. ಎಂಬತ್ತು ದಾಟಿದರೆ ಅಕ್ಕಿ, ದಾಟದಿದ್ದರೆ ಇಲ್ಲ. ನಮ್ಮ ಕಡೆಯ ಮಕ್ಕಳು ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗುವವರು, ತಾಯಿ ಕೂಲಿಗೆ ಹೋದರೆ ಕೂಸನ್ನು ನೋಡಿಕೊಳ್ಳುವವರು. ಹಾಜರಾತಿ ತಪ್ಪುವುದು ಹಸಿವು ಹೆಚ್ಚಿರುವ ಮನೆಯ ಮಗುವಿನದೇ. ಹಸಿವು ಹೆಚ್ಚಿದ್ದವನಿಗೆ ಅಕ್ಕಿ ಕಡಿಮೆ! ಪ್ರೋತ್ಸಾಹವೆಂಬ ಹೆಸರಿನ ಷರತ್ತು ಇಂತಹ ಫಲವನ್ನು ಕೊಡುತ್ತದೆ.

2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ, ಬೇಯಿಸಿದ ಊಟವನ್ನೇ ಶಾಲೆಯಲ್ಲಿ ಕೊಡಬೇಕೆಂದು ಆದೇಶಿಸಿತು. ಕರ್ನಾಟಕವು ಬೀದರ, ಕಲಬುರಗಿ, ರಾಯಚೂರು ಮೊದಲಾದ ಉತ್ತರದ ಜಿಲ್ಲೆಗಳಲ್ಲಿ 2002ರಲ್ಲಿ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕಿಟ್ಟ ಹೆಸರು ‘ಅಕ್ಷರ ದಾಸೋಹ’. ಹಾಜರಾತಿ ಪ್ರೋತ್ಸಾಹ ಯೋಜನೆ ಎಂದಿಡಬಹುದಿತ್ತು, ಇಡಲಿಲ್ಲ. ದಾಸೋಹದಲ್ಲಿ ಉಣ್ಣುವವನಿಗೆ ಪರೀಕ್ಷೆಯಿಲ್ಲ. ಪಂಕ್ತಿಯಲ್ಲಿ ಕುಳಿತವರೆಲ್ಲರಿಗೂ ಬಡಿಸಬೇಕು, ಬಡಿಸುವವನೇ ದಾಸ. ಹೆಸರು ಬದಲಾದುದರಿಂದ ಸಂಬಂಧವೇ ಬದಲಾಯಿತು. ಮಕ್ಕಳು ಶಾಲೆಗೆ ಬಂದರು, ನಿಜ. ಊಟದ ಆಸೆಗೆ ಬಂದರು ಎಂದು ಆಡಿಕೊಂಡವರೂ ಇದ್ದರು. ಹಸಿದ ಮಗು ಅನ್ನವಿರುವೆಡೆಗೆ ಬರುವುದು ಆಸೆಬುರುಕತನವಲ್ಲ. ಹಸಿವು ತೀರಿದ ಮೇಲೆ ಅಕ್ಷರಕ್ಕೆ ಮನಸ್ಸು ಬಂದರೆ ಅದು ಮಗುವಿನ ಸ್ವಂತ ಉತ್ಸಾಹ.

ದಾಸೋಹದ ಮಾತು ಬಂದಾಗ ಕಲ್ಯಾಣ ನೆನಪಾಗದಿರದು. ಸಿರ್ಗಾಪುರದಿಂದ ಬಸವಕಲ್ಯಾಣ ದೂರವಲ್ಲ. ಒಂದು ಕಾಲಕ್ಕೆ ಒಂದೇ ಜಿಲ್ಲೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಬಸವಣ್ಣನವರು ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದರೆಂದೂ, ಮಾರಯ್ಯ ದಿನದ ಅಳತೆಗೆ ಮೀರಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದೂ ಪರಂಪರೆ ಹೇಳುತ್ತದೆ. ಚೆಲ್ಲಿಸಿದವರು ಕೆಟ್ಟವರಲ್ಲ, ಮಹಾನುಭಾವರು. ಚೆಲ್ಲಿದ್ದು ಒಳ್ಳೆಯ ಅಕ್ಕಿಯೇ. ಆದರೂ ಕಾಯಕದ ಪ್ರತಿಫಲ ಯಾವುದು, ಆಸೆಗೆ ಎಳೆಯುವ ಹೆಚ್ಚುವರಿ ಯಾವುದು ಎಂದು ಬಡಗುಡಿಸಲಿನ ಹೆಣ್ಣುಮಗಳು ಸೆರಗಿನಲ್ಲಿದ್ದ ಅಕ್ಕಿ ನೋಡಿ ಹೇಳಿದಳು. ಆಡಳಿತದ ಕನ್ನಡ ಕಳೆದುಕೊಂಡಿರುವುದು ಈ ವಿವೇಕವನ್ನೇ.

ಆಟವಾಡುವ ಮಗುವಿಗೆ ಆಸೆ ಹಚ್ಚಿದರೆ

ಲಕ್ಕಮ್ಮ ಕಂಡದ್ದನ್ನು ಈಚಿನ ಮನಶ್ಶಾಸ್ತ್ರವೂ ತನ್ನ ರೀತಿಯಲ್ಲಿ ಕಂಡಿದೆ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದರಲ್ಲಿ ಮೊದಲೇ ಆಸಕ್ತಿಯಿದ್ದ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ನು ಕಟ್ಟಿದ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಎರಡನೆಯದಕ್ಕೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯದಕ್ಕೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಕಳೆದು, ಯಾವ ಪತ್ರದ ಮಾತೂ ಇಲ್ಲದೆ ಬಣ್ಣದ ಪೆನ್ನುಗಳನ್ನು ಮುಂದಿಟ್ಟಾಗ, ಮೊದಲ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರ ಸುಮಾರು ಅರ್ಧದಷ್ಟು ಮಾತ್ರ. ಅನಿರೀಕ್ಷಿತವಾಗಿ ಪತ್ರ ಪಡೆದವರ ಆಸಕ್ತಿ ಕುಂದಿರಲಿಲ್ಲ.

ಪತ್ರ ಒಂದೇ, ಅದರ ಬೆಲೆಯೂ ಒಂದೇ. ಮುಂಚೆ ಬಂದರೆ ಆಮಿಷವಾಗಿ ಉತ್ಸಾಹವನ್ನು ತಿಂದಿತು. ಆಮೇಲೆ ಬಂದರೆ ಬಹುಮಾನವಾಗಿ ಸುಮ್ಮನಿದ್ದಿತು. ನಮ್ಮ ಕುಸ್ತಿಯ ಕಣದ ಭೇದ ಅಲ್ಲಿಯೂ ನಿಂತಿತು. ಈಗ ಆ ಏಳನೆಯ ತರಗತಿಯ ಹುಡುಗನನ್ನು ನೆನೆಯಿರಿ. ಅವನು ಮನೆಯಲ್ಲಿ ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡುವವನು, ಕನ್ನಡದಲ್ಲಿ ಕನಸು ಕಾಣುವವನು. ಅವನಿಗೆ ಕನ್ನಡ ಓದಲು ಕಾರಣ ಮೊದಲೇ ಇತ್ತು. ನಾವು ಲಕೋಟೆ ಕೊಟ್ಟು, ಆ ಕಾರಣ ಸಾಲದು, ಇಗೋ ಇನ್ನೊಂದು ಎಂದೆವು. ಅಷ್ಟೇ ಅಲ್ಲ: ಹಣ ಕೊಟ್ಟು ಓದಿಸಬೇಕಾದ ಭಾಷೆ ಎಂದರೆ ತನ್ನಷ್ಟಕ್ಕೆ ಬೆಲೆಯಿಲ್ಲದ ಭಾಷೆ ಎಂಬುದನ್ನೂ ಅವನಿಗೆ ಕಲಿಸಿದೆವು. ಇಂಗ್ಲಿಷ್ ಕಲಿಯಲು ಯಾರೂ ಅವನಿಗೆ ಪ್ರೋತ್ಸಾಹಧನ ಕೊಡುವುದಿಲ್ಲ. ಅದಕ್ಕೆ ಅಪ್ಪನೇ ಶುಲ್ಕ ಕಟ್ಟುತ್ತಾನೆ. ಯಾವುದಕ್ಕೆ ಬೆಲೆಯಿದೆ, ಯಾವುದಕ್ಕಿಲ್ಲ ಎಂದು ಲೆಕ್ಕ ಹಾಕಲು ಮಕ್ಕಳಿಗೆ ಬರುತ್ತದೆ.

ಇಲ್ಲಿ ನಮ್ಮ ಸದಸ್ಯರೇ ಎತ್ತುವ ಆಕ್ಷೇಪಗಳಿವೆ. ಬಡ ಮಕ್ಕಳಿಗೆ ನಾಲ್ಕು ಕಾಸು ಸಿಗುವುದನ್ನು ಪದದ ನೆವದಲ್ಲಿ ತಪ್ಪಿಸುತ್ತೀರಾ ಎಂಬುದು ಮೊದಲನೆಯದು. ಇಲ್ಲ. ಕೊಡೋಣ, ಇನ್ನೂ ಹೆಚ್ಚು ಕೊಡೋಣ. ಆದರೆ ಬಡತನಕ್ಕೆ ಕೊಡುವುದಾದರೆ ‘ನೆರವು’ ಎಂದು ಕರೆದು, ಬಡತನವನ್ನು ನೋಡಿ ಕೊಡೋಣ. ಚಪ್ಪಲಿಯಿಲ್ಲದ ಮಗುವಿಗೆ ಕೊರತೆಯಿರುವುದು ಚಪ್ಪಲಿಯದು, ಉತ್ಸಾಹದ್ದಲ್ಲ. ಅದಕ್ಕೆ ‘ಪ್ರೋತ್ಸಾಹ’ ಎಂದು ಹೆಸರಿಟ್ಟರೆ ಬಡವನಿಗೆ ಮನಸ್ಸೇ ಇಲ್ಲವೆಂದು ಸಭೆಯಲ್ಲಿ ಸಾರಿದಂತೆ. ತೆಲಂಗಾಣ ಸರ್ಕಾರ 2018ರಲ್ಲಿ ಬಿತ್ತನೆಯ ಕಾಲಕ್ಕೆ ರೈತರಿಗೆ ಎಕರೆಗೆ 4,000 ರೂಪಾಯಿ ಕೊಡಲು ಆರಂಭಿಸಿದಾಗ ಅದನ್ನು ‘ಪೆಟ್ಟುಬಡಿ ಸಾಯಂ’, ಅಂದರೆ ಬಂಡವಾಳದ ಸಹಾಯ ಎಂದಿತು. ಯೋಜನೆಗೆ ‘ರೈತು ಬಂಧು’ ಎಂದು ಹೆಸರಿಟ್ಟಿತು. ಯೋಜನೆಯ ಗುಣದೋಷದ ಚರ್ಚೆ ಬೇರೆ, ಹೆಸರಿನಲ್ಲಿ ಪ್ರಾಮಾಣಿಕತೆಯಿತ್ತು. ರೈತನಿಗೆ ಬೇಸಾಯದ ಉತ್ಸಾಹ ತುಂಬುತ್ತೇವೆಂದು ಯಾರೂ ಹೇಳಲಿಲ್ಲ.

ಹಣವಿಲ್ಲದಿದ್ದರೆ ಯಾರೂ ಬರುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಸಮಾರಂಭದ ದಿನ ಬರುವವರ ಸಂಖ್ಯೆ ಹೆಚ್ಚುತ್ತದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹತ್ತನೆಯ ತರಗತಿಯ ಅಂಕ ನೋಡಿ ಕೊಡುವ ಲಕೋಟೆ, ಒಂದನೆಯ ತರಗತಿಯಲ್ಲಿಯೇ ಮಗುವನ್ನು ಬೇರೆ ಶಾಲೆಗೆ ಸೇರಿಸಿದ ತಂದೆತಾಯಿಯನ್ನು ಮುಟ್ಟುವುದೇ ಇಲ್ಲ. ಅವರು ಕೇಳುವ ಪ್ರಶ್ನೆಗಳು ಬೇರೆ. ಕನ್ನಡ ಪಾಠ ಮಾಡುವ ಗುರುಗಳು ಇದ್ದಾರೆಯೇ? ಪಠ್ಯಪುಸ್ತಕ ಜೂನಿನಲ್ಲಿ ಬರುತ್ತದೆಯೇ? ಕನ್ನಡದಲ್ಲಿ ಓದಿದವನಿಗೆ ಗಡಿಯ ಈಚೆ, ಗಡಿಯ ಆಚೆ ಮುಂದೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಕಷ್ಟ. ಲಕೋಟೆ ಹಂಚುವುದು ಸುಲಭ. ಸುಲಭವಾದದ್ದನ್ನು ಮಾಡಿ ಕಷ್ಟವಾದದ್ದನ್ನು ಮಾಡಿದ ಸಮಾಧಾನ ಪಡೆಯಲು ‘ಪ್ರೋತ್ಸಾಹಧನ’ ಎಂಬ ಪದ ನಮಗೂ ಅನುಕೂಲವಾಗಿದೆ. ಸರ್ಕಾರವನ್ನು ದೂರಿ ಸಂಘವನ್ನು ಬಿಟ್ಟರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ.

ನಮ್ಮ ನೆರೆಯಲ್ಲಿಯೇ ಒಂದು ಮಾದರಿ

ಹಾಗಾದರೆ ಹಣದ ಆಸೆಯಿಲ್ಲದೆ ಜನ ಹುರುಪಿನಿಂದ ಮಾಡುವ ಕೆಲಸ ಇದೆಯೇ ಎಂದರೆ, ದೂರ ಹೋಗಬೇಕಾಗಿಲ್ಲ. ಜಹೀರಾಬಾದಿನ ಬಳಿಯ ಪಸ್ತಾಪುರಕ್ಕೆ ಹೋದರೆ ಸಾಕು. ಮೈಸೂರು ಮೂಲದ ಕನ್ನಡಿಗ ಪಿ.ವಿ. ಸತೀಶ್ ಅವರು ಮಿತ್ರರೊಡನೆ 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯಲ್ಲಿ ಈ ಸೀಮೆಯ ದಲಿತ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡರು. ಜೋಳ, ಸಜ್ಜೆ, ನವಣೆ, ತೊಗರಿಗಳ ನಾಟಿ ಬೀಜಗಳನ್ನು ಉಳಿಸಿಕೊಂಡರು. ಬೀಜ ಬೇಕಾದವಳು ಸಂಘದಿಂದ ಅಳೆದು ಒಯ್ಯುತ್ತಾಳೆ. ಬೆಳೆ ಬಂದ ಮೇಲೆ ಒಯ್ದದ್ದಕ್ಕಿಂತ ಹೆಚ್ಚಿಗೆ ಅಳೆದು ತಂದು ಹಾಕುತ್ತಾಳೆ. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಹಳೆಯ ಬೆಳೆಗಳ ಜಾತ್ರೆ ಹೊರಡುತ್ತದೆ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಬೀಜದ ಗಡಿಗೆಗಳನ್ನಿಟ್ಟು, ಹಾಡುತ್ತ, ಊರಿಂದೂರಿಗೆ ಸಾಗುತ್ತಾರೆ. 2008ರಲ್ಲಿ ಮಾಚನೂರಿನಲ್ಲಿ ಆರಂಭವಾದ ಸಂಗಮ್ ರೇಡಿಯೋವನ್ನು ನಡೆಸಿದವರೂ ಇವರೇ.

ಅಲ್ಲಿ ಹಣವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಬೀಳುಭೂಮಿಯನ್ನು ಉಳಲು ಹಣ ಬೇಕಾಗಿತ್ತು, ಸಾಲ ಬಂದಿತು. ಅದಕ್ಕೆ ‘ಸಾಲ’ ಎಂದೇ ಹೆಸರು. ಕಾಳಿನ ರೂಪದಲ್ಲಿ ತೀರಿಸಿದರು. ಹುರುಪು ಮಾತ್ರ ಬೇರೆಡೆಯಿಂದ ಬಂದಿತು: ಬೀಜದ ಹೆಸರು ಬಲ್ಲ ಮುದುಕಿಯ ಮಾತಿನಿಂದ, ಜೊತೆಗಾತಿಯರ ಹಾಡಿನಿಂದ, ತಮಗೆ ತಿಳಿದದ್ದಕ್ಕೆ ಬೆಲೆಯಿದೆ ಎಂದು ಯಾರೋ ಕುಳಿತು ಕೇಳಿಸಿಕೊಂಡದ್ದರಿಂದ. ಸತೀಶ್ ಅವರು 2023ರಲ್ಲಿ ತೀರಿಕೊಂಡರು. ಅವರು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ತಕ್ಕ ಕ್ರಿಯಾಪದ ‘ಪ್ರೋತ್ಸಾಹಿಸು’. ಆ ಪದಕ್ಕೆ ಇನ್ನೂ ಪ್ರಾಣವಿದೆ ಎಂಬುದಕ್ಕೆ ಅವರೇ ಸಾಕ್ಷಿ.

ನಾವು ಕೇಳುವುದು

ನಮ್ಮ ಬೇಡಿಕೆ ದೊಡ್ಡದಲ್ಲ. ದುಡಿದುದಕ್ಕೆ ಕೊಡುವುದನ್ನು ಕೂಲಿ ಅಥವಾ ಸಂಬಳ ಎನ್ನೋಣ. ಕೊರತೆಯಿದ್ದವರಿಗೆ ಕೊಡುವುದನ್ನು ನೆರವು ಎನ್ನೋಣ. ಗೆದ್ದವರಿಗೆ, ಸಾಧಿಸಿದವರಿಗೆ ಕೊಡುವುದನ್ನು ಬಹುಮಾನ ಎನ್ನೋಣ. ಮಾಡಿದರೆ ಮಾತ್ರ ಕೊಡುತ್ತೇನೆ ಎಂದು ಮುಂದೆ ಹಿಡಿದದ್ದನ್ನು ಆಮಿಷ ಎನ್ನಲು ನಾಚಿಕೆಯಾದರೆ, ಆ ನಾಚಿಕೆಯೇ ಅದನ್ನು ಹಿಡಿಯಬಾರದೆಂದು ಹೇಳುತ್ತಿದೆ ಎಂದು ತಿಳಿಯೋಣ. ‘ಪ್ರೋತ್ಸಾಹಿಸು’ ಎಂಬುದನ್ನು ಅದರ ಕೆಲಸಕ್ಕೆ, ಎದುರಿನವರಲ್ಲಿ ಇರುವುದನ್ನು ಕಂಡು ಎತ್ತಿ ಹಿಡಿಯುವುದಕ್ಕೆ, ಮೀಸಲಿಡೋಣ.

ಸಂಘದ ಮಟ್ಟಿಗೆ ಹೇಳುವುದಾದರೆ, ಮುಂದಿನ ಆಮಂತ್ರಣ ಪತ್ರಿಕೆಯಿಂದ ‘ಪ್ರೋತ್ಸಾಹಧನ ವಿತರಣೆ’ ಎಂಬ ಸಾಲನ್ನು ತೆಗೆಯಬೇಕೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇವೆ. ಹಣವನ್ನು ಎರಡು ಪಾಲು ಮಾಡೋಣ. ಒಂದು ಪಾಲು ನಿಜವಾಗಿ ಬೇಕಾದ ಮನೆಗಳಿಗೆ, ವೇದಿಕೆಯಿಲ್ಲದೆ, ಛಾಯಾಚಿತ್ರವಿಲ್ಲದೆ ನೆರವಾಗಿ ಹೋಗಲಿ. ಇನ್ನೊಂದು ಪಾಲಿನಲ್ಲಿ ಮಕ್ಕಳ ಕನ್ನಡ ಪುಸ್ತಕಗಳನ್ನು ಕೊಂಡು ಶಾಲೆ ಶಾಲೆಗೆ ಸುತ್ತಿಸೋಣ. ಜಹೀರಾಬಾದಿನ ಹೆಣ್ಣುಮಕ್ಕಳ ಬೀಜದ ಗಾಡಿ ಊರೂರು ತಿರುಗುವಂತೆ ಪುಸ್ತಕದ ಪೆಟ್ಟಿಗೆ ತಿರುಗಲಿ. ಸದಸ್ಯರಲ್ಲಿ ಓದುಬಲ್ಲವರು ವಾರಕ್ಕೊಂದು ಗಂಟೆ ಶಾಲೆಗೆ ಹೋಗಿ ಮಕ್ಕಳಿಗೆ ಕಥೆ ಓದಿ ಹೇಳಲಿ, ಅವರ ಕಥೆಗಳನ್ನು ಕೇಳಿಸಿಕೊಳ್ಳಲಿ. ಇದಕ್ಕೆ ಲಕೋಟೆಗಿಂತ ಹೆಚ್ಚು ಖರ್ಚಾಗುತ್ತದೆ. ಖರ್ಚಾಗುವುದು ನಮ್ಮ ಹೊತ್ತು.

ಆ ಹುಡುಗನಿಗೆ ನಾವಿನ್ನೂ ಉತ್ತರ ಹೇಳಬೇಕಾಗಿದೆ. ರೊಕ್ಕ ಇರಲಿ ಬಿಡಲಿ, ನೀನು ಓದುವಾಗ ಪಕ್ಕದಲ್ಲಿ ಕೂತು ಕೇಳಲು ನಾವು ಬರುತ್ತೇವಪ್ಪ, ಎಂದು ಹೇಳಬೇಕೆಂದಿದ್ದೇವೆ. ಹೇಳಿದಂತೆ ನಡೆದುಕೊಳ್ಳಲು ಸಂಘದ ಎಲ್ಲ ಬಂಧುಗಳೂ ನಮ್ಮ ಜೊತೆ ಬರಬೇಕು.